ಹನ್ನೊಂದು ಚೀಲದ ದಾಸವಾಳ

ಹದಿನಾರು ತಿಂಗಳು ತುಂಬಿದ ಮಗಳು ನೀಲಾ ಇನ್ನೂ ನಡೆಯುತ್ತಿಲ್ಲ ಎಂಬ ಚಿಂತೆಯನ್ನು ಮರೆಯಲು ವಿಮಲಾಕ್ಷಿಗೆ ಒಂದು ಘನಕಾರ್ಯ ಬೇಕಾಗಿತ್ತು. ಆದ್ದರಿಂದ ಅವಳು ಜಗತ್ತಿಗೆ ಹೊಸ ದಾಸವಾಳವೊಂದನ್ನು ದಯಪಾಲಿಸಲು ತೀರ್ಮಾನಿಸಿದಳು.

ಮೈಸೂರಿನಲ್ಲಿ ಎರಡು ವರ್ಷ ಸಸ್ಯಶಾಸ್ತ್ರ ಓದಿ, ಮೂರನೆಯ ವರ್ಷದ ಬದಲು ವಾಡಿ ಜಂಕ್ಷನ್ನಿನ ರೈಲ್ವೆ ಗುಮಾಸ್ತ ಗುರುಲಿಂಗಯ್ಯನನ್ನು ಸೇರಿದವಳು ಅವಳು. ಕ್ವಾರ್ಟರ್ಸಿನ ಅಂಗಳದಲ್ಲಿ ಸುಣ್ಣಕಲ್ಲಿನ ಧೂಳು ಕುಡಿದೇ ಬದುಕಿದ್ದ ಬಿಳಿ ದಾಸವಾಳವಿತ್ತು. ಅದರ ಒಂದು ಹೂವಿಗೆ ಬಾವಿಕಟ್ಟೆಯ ಕೆಂಪು ದಾಸವಾಳದ ಪರಾಗವನ್ನು ಕುಂಚದಿಂದ ಸವರಿ, ಗಂಡನ ಹಳೆಯ ಧೋತರದ ಪುಟ್ಟ ಚೀಲ ತೊಡಿಸಿ, ತೊಟ್ಟಿಗೆ ಕೆಂಪು ದಾರ ಕಟ್ಟಿ, ‘ಬಿ × ಕೆಂ’ ಎಂಬ ಚೀಟಿ ತೂಗುಬಿಟ್ಟಳು. ಹುಟ್ಟಲಿರುವ ಬಹುವಾರ್ಷಿಕ ರತ್ನಕ್ಕೆ ‘ನೀಲಾಂಬಿಕಾ’ ಎಂದು ನಾಮಕರಣವೂ ಆಯಿತು. (ಬಿಳಿಗೆ ಕೆಂಪು ಕೂಡಿದರೆ ನೀಲಿ ಹೇಗೆ ಬರುತ್ತದೆ ಎಂದು ಕೇಳಿದ ಗುರುಲಿಂಗಯ್ಯ ಅಂದು ಸಾರಿಲ್ಲದೆ ಉಂಡ.)

ನೀಲಾಳ ಕಾಲು ತೋರಿಸಲು ವಿಮಲಾಕ್ಷಿ ಮೂರು ದಿನ ಗುಲಬರ್ಗಾಕ್ಕೆ ಹೋದಳು. ಕಾಲು ಚೆನ್ನಾಗಿದೆ, ತಾಯಿಗೆ ನಿದ್ದೆ ಬೇಕು ಎಂದರು ಡಾಕ್ಟರು. ವಾಪಸು ಬಂದು ನೋಡುತ್ತಾಳೆ: ಗಿಡದ ತುಂಬ ಹನ್ನೊಂದು ಚೀಲ, ಹನ್ನೊಂದು ದಾರ, ಹನ್ನೊಂದು ಚೀಟಿ. ಪ್ರತಿ ಚೀಟಿಯಲ್ಲೂ ‘ಬಿ × ಕೆಂ’.

ಗುರುಲಿಂಗಯ್ಯ ಉಟ್ಟ ಲುಂಗಿಯನ್ನು ಬಿಗಿಮಾಡಿಕೊಂಡ. “ಜೈತುನ್ಬೀ ಖಾಲಾ ಬಂದು ಧೋತರ ಕೇಳಿದ್ರು. ನಿನ್ನ ಕೆಲಸಕ್ಕ ಅಂದ್ರು. ಹಳೇದು ಸಿಗಲಿಲ್ಲ, ಹೊಸಾದು ಕೊಟ್ಟೆ.”

ಅಷ್ಟರಲ್ಲಿ ಪಕ್ಕದ ಮನೆಯಿಂದ, ಓಣಿಗೆಲ್ಲ ಖಾಲಾ ಅಂದರೆ ಚಿಕ್ಕಮ್ಮನಾದ ಜೈತುನ್ಬೀಯೇ ಬಂದಳು.

“ನೀ ಕಣ್ಣ ಮುಚ್ಚಿ ಏನೋ ಅನ್ಕೋತ ದಾರ ಕಟ್ಟೂದು ನೋಡಿದ್ವಿ ಯವ್ವಾ. ಕೂಸು ನಡೀಲಿ ಅಂತ ಹರಕಿ ಹೊತ್ತಾಳ ಅಂತ ತಿಳೀತು. ಒಬ್ಬಾಕಿ ಕಟ್ಟಿದ್ರ ಏನಾಗ್ತದ. ದರ್ಗಾದಾಗ ಜಾಲಿ ಕಿಟಕಿಗಿ ದಾರ ಕಟ್ಟಂಗಿಲ್ಲೇನು, ಹಂಗ ಓಣಿ ಮಂದಿ ಎಲ್ಲಾ ಕಟ್ಟೀವಿ.”

“ಚೀಟಿ?”

“ಎದುರುಮನಿ ಮಾಣಿಕಮ್ಮ ಬರದಾಳ. ಓದಾಕ ಬರಂಗಿಲ್ಲ, ಆದ್ರ ರಂಗೋಲಿ ಕೈ ಭಾಳ ಛಲೋ. ಒಂದು ಗೀಟು ತಪ್ಪಿಲ್ಲ ನೋಡು.”

“ಹೂವಿಗೇನಾದರೂ ಸವರಿದಿರಾ?” ವಿಮಲಾಕ್ಷಿ ಒಂದೊಂದೇ ಚೀಲ ಮುಟ್ಟಿ ನೋಡಿದಳು.

“ಬಾಕಿ ಮಂದಿ ಇಲ್ಲ. ನಾ ಮಾತ್ರ ನೀ ಮಾಡಿದಂಗನ ಮಾಡೀನಿ. ಕುಂಚ ಎಲ್ಲಿಂದ ತರ್ಲಿ, ಕೋಳಿ ಪುಕ್ಕಾ ತಗೊಂಡು ನಮ್ಮನಿ ಹಳದಿ ದಾಸಾಳದ ಪುಡಿ ತುಸು ಒರಸಿದೆ.”

“ಇದು ಹರಕೆ ಅಲ್ಲ ಖಾಲಾ, ವಿಜ್ಞಾನ. ಈಗ ಇದರಲ್ಲಿ ನಂದು ಯಾವುದು?”

ಜೈತುನ್ಬೀಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಎಲ್ಲಾ ನಿಂದೇ ಅಲ್ಲೇನವ್ವಾ?”

ಎರಡು ದಿನ ವಿಮಲಾಕ್ಷಿ ಓಣಿಯ ಕಡೆಯ ಬಾಗಿಲು ತೆರೆಯಲಿಲ್ಲ. ವಾರದೊಳಗೆ ಒಂಬತ್ತು ಚೀಲಗಳಲ್ಲಿ ಹೂ ತೊಟ್ಟುಸಹಿತ ಉದುರಿತು. ಎರಡರಲ್ಲಿ ಮಾತ್ರ ಕಾಯಿ ಕಚ್ಚಿತು. ಒಂದು ತನ್ನದೇ ಇರಬೇಕು. ಓಣಿಯ ಆಡು ಬರದಂತೆ ಕೊಡೆ ಹಿಡಿದು ಅವಳು ಎರಡಕ್ಕೂ ಕಾವಲು ಕೂತಳು.

ತಿಂಗಳಾದ ಮೇಲೆ ಒಂದು ಬೆಳಗ್ಗೆ ಅವಳು ಆಡಿನೊಂದಿಗೆ ವಾಗ್ಯುದ್ಧದಲ್ಲಿದ್ದಾಗ, ಚಾಪೆಯ ಮೇಲಿದ್ದ ನೀಲಾ ಎದ್ದು ನಿಂತಳು. ಒಂದು, ಎರಡು, ಮೂರು, ನಾಲ್ಕು ಹೆಜ್ಜೆ. ಕೊಂಬೆ ಹಿಡಿದು, ಒಂದು ಕಾಯಿಯನ್ನು ದಾರ, ಚೀಲ, ಚೀಟಿ ಸಮೇತ ಕಿತ್ತು, ಕುಕ್ಕರಿಸಿ ಕೂತು ಬಾಯಿಗಿಟ್ಟಳು.

ವಿಮಲಾಕ್ಷಿ ಕೊಡೆ ಬಿಸಾಡಿ ಓಡಿ, ಮಗಳ ಬಾಯಿಂದ ವಿಜ್ಞಾನವನ್ನು ಹೊರತೆಗೆದು, ಅವಳನ್ನು ಅಪ್ಪಿಕೊಂಡು ಅತ್ತಳು. ಬೇಲಿಯಾಚೆ ಜೈತುನ್ಬೀ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಹರಕಿ ತೀರಿದ್ರ ದಾರ ಬಿಚ್ಚಬೇಕು. ಕೂಸೇ ಬಿಚ್ಚತು.” ಅಂದು ಹತ್ತು ಮನೆಗೂ ವಿಮಲಾಕ್ಷಿ ತಾನೇ ಹೋಗಿ ಸಕ್ಕರೆ ಹಂಚಿದಳು.

ಉಳಿದ ಕಾಯಿಯ ಬೀಜ ಎಣ್ಣೆ ಡಬ್ಬಿಯಲ್ಲಿ ಮೊಳೆತು, ಎರಡನೆಯ ಮಳೆಗಾಲಕ್ಕೆ ಹೂ ಬಿಟ್ಟಿತು. ಅರಿಸಿನ ಹಾಲಿನ ಬಣ್ಣ. ಕೆಂಪಿನ ಸುಳಿವೇ ಇಲ್ಲ. ಎರಡು ವರ್ಷದ ಸಸ್ಯಶಾಸ್ತ್ರಕ್ಕೆ ಅಷ್ಟು ಸಾಕಾಗಿತ್ತು: ಇದು ಕೋಳಿ ಪುಕ್ಕದ ಸಂತಾನ. ನೀಲಾಂಬಿಕೆಯನ್ನು ನೀಲಾ ಎಂದೋ ಜಗಿದಿದ್ದಳು. ಶಹಾಬಾದಿನ ಪುಷ್ಪಪ್ರದರ್ಶನದ ಅರ್ಜಿಯಲ್ಲಿ ವಿಮಲಾಕ್ಷಿ ಸಂತೋಷದಿಂದಲೇ ತುಂಬಿದಳು: ತಳಿಯ ಹೆಸರು, ಹರಕೆ. ಸೃಷ್ಟಿಸಿದವರು, ಜೈತುನ್ಬೀ. ಸಹಾಯಕಿ, ವಿಮಲಾಕ್ಷಿ.

ಪ್ರದರ್ಶನ ಮುಗಿದ ಮರುದಿನ ಜೈತುನ್ಬೀ ಬಂದಾಗ ಸಹಾಯಕಿ ಆ ಗಿಡಕ್ಕೆ ಹೊಸ ಕೆಂಪು ದಾರ ಕಟ್ಟುತ್ತಿದ್ದಳು.

“ಇದೇನು, ವಿಜ್ಞಾನೇನು?”

“ಇಲ್ಲ ಖಾಲಾ, ಹರಕೆ. ಇವಳು ಐದು ನಿಮಿಷ ಒಂದು ಕಡೆ ಕೂತರೆ ಸಾಕು.”

ರೈಲು ಹಳಿಯ ಕಡೆ ಓಡುತ್ತಿದ್ದ ನೀಲಾಳನ್ನು ಎತ್ತಿಕೊಂಡು ಬಂದು ಜೈತುನ್ಬೀ ಏದುಸಿರು ಬಿಟ್ಟಳು. “ಇದು ದೊಡ್ಡ ಹರಕಿ. ಒಬ್ಬಾಕಿ ಕಟ್ಟಿದ್ರ ಏನಾಗ್ತದ. ತಡಿ, ಮಾಣಿಕಮ್ಮಗ ಕರೀತೀನಿ.”

ಒಳಗೆ ಗುರುಲಿಂಗಯ್ಯ ಧೋತರಗಳನ್ನೆಲ್ಲ ಟ್ರಂಕಿಗೆ ತುಂಬಿ ಬೀಗ ಹಾಕಿದ ಸದ್ದು ಕೇಳಿಸಿತು.