ನಲವತ್ತೇಳರ ಬ್ರಹ್ಮಾಸ್ತ್ರ

ಸುಧಾಕರ ಮೇಷ್ಟ್ರಿಗೆ ಆ ಸಂಜೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮಾರನೆಯ ದಿನ ಊರಿಗಾಂನ ಅವನ ಶಾಲೆಗೆ ಅಧಿಕಾರಿ ರಾಮಚಂದ್ರಪ್ಪನವರು ಬರುವವರಿದ್ದರು. ಅವರೆದುರು ಆರನೇ ಕ್ಲಾಸಿಗೆ ಆಟದಲ್ಲೇ ಗಣಿತ ಕಲಿಸಿ ತೋರಿಸಬೇಕು. ಸೈ ಎನಿಸಿಕೊಂಡರೆ ಬಂಗಾರಪೇಟೆ ಕಡೆಯ ಮೇಷ್ಟ್ರುಗಳಿಗೆಲ್ಲ ಇವನೇ ಗುರು! (ಮನೆಯಲ್ಲಿ ಬೆಕ್ಕೂ ಇವನ ಮಾತು ಕೇಳುವುದಿಲ್ಲ, ಅದು ಬೇರೆ ವಿಷಯ.)

"ಏ ಶ್ಯಾಮಲಾ, ಬಾರೇ, ಆಡಿ ನೋಡಾಣ!" ಎಂದು ಹೆಂಡತಿಯನ್ನು ಕರೆದು, ಒಂದರಿಂದ ಐವತ್ತರವರೆಗೆ ಬರೆದ ಹಾಳೆಯನ್ನು ನೆಲಕ್ಕೆ ಹರಡಿದ.

"ಅವರೆಕಾಯಿ ಸುಲೀತಿರೋದು ಕಾಣಕ್ಕಿಲ್ವಾ? ಓಗ್ರೀ ಅತ್ಲಾಗೆ."

"ಸುಲೀತಾನೇ ಆಡು. ಈ ಹಾಳೇಲಿರೋದ್ರಲ್ಲೇ ನಾನೊಂದು ಸಂಖ್ಯೆ ಯೋಳ್ತೀನಿ. ಅದನ್ನ ಶೇಷ ಇಲ್ದಂಗೆ ಭಾಗಿಸೋ ಅಪವರ್ತನನೋ, ಅದ್ರ ಮಗ್ಗೀಲಿ ಬರೋ ಅಪವರ್ತ್ಯನೋ ನೀನು ಯೋಳ್ಬೇಕು. ಆಮ್ಯಾಕೆ ನಿನ್ನ ಸಂಖ್ಯೆಗೆ ನಾನು. ಒಂದ್ಸಲ ಯೋಳಿದ್ದು ಮತ್ತೆ ಯೋಳಂಗಿಲ್ಲ. ಯೋಳಕ್ಕೇನೂ ಸಿಗ್ದೋರು ಸೋತಂಗೆ."

ಆ ಮನೆಯಲ್ಲಿ ಸೇರಿನಲ್ಲಿ ರಾಗಿ ಅಳೆಯುವಾಗ ಮೊದಲನೆಯದನ್ನು ಯಾರೂ 'ಒಂದು' ಅನ್ನುವುದಿಲ್ಲ, 'ಲಾಭ' ಅನ್ನುತ್ತಾರೆ. ಶುಭಕಾರ್ಯ ಬೇರೆ ಎಲ್ಲಿಂದ ಶುರುವಾದೀತು? ಸುಧಾಕರ ಕಣ್ಣು ಮುಚ್ಚಿ, ಕೈ ಮುಗಿದು, "ಲಾಭ!" ಎಂದು ಒಂದನ್ನು ಹೊಡೆದುಹಾಕಿದ.

ಶ್ಯಾಮಲ ಕಾಯಿಯಿಂದ ಕಣ್ಣೆತ್ತಲಿಲ್ಲ. "ನಲವತ್ತೇಳು."

ನಲವತ್ತೇಳನ್ನು ಭಾಗಿಸುವುದು ಒಂದೇ. ಅದು ಆಗಲೇ ಖರ್ಚಾಗಿತ್ತು. ಅದರ ಎರಡರಷ್ಟು ತೊಂಬತ್ನಾಲ್ಕು, ಹಾಳೆಯಲ್ಲೇ ಇಲ್ಲ!

"ಮೋಸ!"

"ಯಾತರ ಮೋಸ? ಒಂದರ ಮಗ್ಗೀಲಿ ನಲವತ್ತೇಳು ಬರಕ್ಕಿಲ್ವಾ?"

"ಈ ಸಲ ನೀನೇ ಶುರು ಮಾಡು, ನೋಡೇಬಿಡ್ತೀನಿ!"

"ನಲವತ್ತೇಳು."

ಬೇರೆ ದಾರಿಯಿಲ್ಲದೆ ಅವನೇ ಗೊಣಗಿದ, "ಲಾಭ."

"ನಲವತ್ಮೂರು. ಏಳ್ರೀ, ಒಲೆ ಮೇಲೆ ಎಸರಿಡಿ."

ಬೇರೆ ಗಂಡಸಾಗಿದ್ದರೆ ಮುಖ ಊದಿಸಿಕೊಳ್ಳುತ್ತಿದ್ದ. ಸುಧಾಕರ ಕುಣಿದುಬಿಟ್ಟ! ಯಾರೂ ಸೋಲಿಸಲಾಗದ ಬ್ರಹ್ಮಾಸ್ತ್ರ ಅಡುಗೆಮನೆಯಲ್ಲೇ ಸಿಕ್ಕಿತ್ತಲ್ಲ! ಎಸರಿಡುವಾಗಲೂ "ನಲವತ್ತೇಳು, ನಲವತ್ಮೂರು" ಎಂದು ಜಪಿಸಿದ.

ಮಾರನೆಯ ದಿನ ತರಗತಿಯ ಹಿಂದಿನ ಬೆಂಚಿನಲ್ಲಿ ರಾಮಚಂದ್ರಪ್ಪನವರು ಪೆನ್ನು ಬಿಚ್ಚಿ ಕೂತರು. ಸುಧಾಕರ ನಿಯಮ ವಿವರಿಸಿ, ಕ್ಲಾಸಿಗೇ ಚುರುಕಾದ ಕಲಾಳನ್ನು ಬೋರ್ಡಿನ ಬಳಿ ಕರೆದ.

"ನಲವತ್ತೇಳು!" ಎಂದು ಗುಡುಗಿದ.

ಹುಡುಗಿ ಬೆರಳು ಮಡಿಚಿ ಯೋಚಿಸಿ, "ಒಂದು ಸಾರ್," ಎಂದಳು.

"ನಲವತ್ಮೂರು!" ಸುಧಾಕರ ದಿಗ್ವಿಜಯ ಮುಗಿಸಿದ ಚಕ್ರವರ್ತಿಯಂತೆ ಎರಡೂ ಕೈ ಚಾಚಿ ನಿಂತ.

"ಅವ್ಳೋದಾನಾ ಸಾರ್? ಮುಗ್ದೋಯ್ತಾ?" ಎಂದು ಮನೆಯ ತಮಿಳು ಬೆರೆಸಿ ಕೇಳಿದ ಕಲಾಳ ಕಣ್ಣು ತುಂಬಿಕೊಂಡಿತು.

ರಾಮಚಂದ್ರಪ್ಪನವರು ಕೈಗಡಿಯಾರ ನೋಡಿದರು. "ಪಾಪ, ಮಗೂನ ಎರಡೇ ಏಟಿಗೆ ಸೋಲಿಸಿಬಿಟ್ರಲ್ಲ ಮೇಷ್ಟ್ರೇ. ಪೀರಿಯಡ್ಡು ನಲವತ್ತು ನಿಮಿಷ, ಆಗಿರೋದು ಅರ್ಧ ನಿಮಿಷ. ಮುಂದೆ?"

ಸುಧಾಕರ ಹಣೆ ಒರೆಸಿಕೊಂಡ. ಬೋರ್ಡು ನೋಡಿದ, ಮಕ್ಕಳನ್ನು ನೋಡಿದ, ಕೊನೆಗೆ ಜೇಬಿಗೆ ಕೈ ಹಾಕಿ ಫೋನು ತೆಗೆದ.

"ಒಂದ್ನಿಮಿಷ ಸಾರ್, ನಮ್ಮನೆಯೋಳ್ನ ಕೇಳಿ ಯೋಳ್ತೀನಿ."