ಉಜ್ಜಿನಿ ದಾರಿಯಲ್ಲಿ ಎದ್ದ ಗುಡ್ಡ

ಇನ್ನು ಮುಂದೆ ತಮ್ಮ ಬಾಯಿಂದ ಅಂದಾಜಿನ ಮಾತು ಒಂದೂ ಬರುವುದಿಲ್ಲ ಎಂದು ಕೊಟ್ಟೂರಿನ ಪಂಪ್‌ಸೆಟ್ ಅಂಗಡಿಯ ಅರುಣಕುಮಾರರು ಘೋಷಿಸಿದಾಗ ಮನೆಯಲ್ಲಿ ಯಾರೂ ತಿರುಗಿ ನೋಡಲಿಲ್ಲ. ಯಾರೂ ಎಂದರೆ ಅವರ ಹೆಂಡತಿ ಗಂಗಾಂಬಿಕಾ. ಮನೆಯಲ್ಲಿದ್ದುದು ಅವರಿಬ್ಬರೇ, ಅದರಲ್ಲೂ ಒಬ್ಬರು ರೊಟ್ಟಿ ಬಡಿಯುತ್ತಿದ್ದರು.

ಅರುಣಕುಮಾರರದು ಸುಮ್ಮನೆ ಬಂದ ಹಟವಲ್ಲ. ನಲವತ್ತೆಂಟನೆಯ ವಯಸ್ಸಿನಲ್ಲಿ ಹೊಟ್ಟೆ ಇಳಿಸಲೆಂದು ಸೈಕಲ್ ಹಿಡಿದವರು ಎರಡು ವರ್ಷದಿಂದ ಒಂದು ತಂತಿಯ ಮೀಟರನ್ನು ನಂಬಿಕೊಂಡಿದ್ದರು. ಮೆಕ್ಯಾನಿಕ್ ಜಿಲಾನಿ ಚಕ್ರಕ್ಕೊಂದು ಅಯಸ್ಕಾಂತ ಸಿಕ್ಕಿಸಿ ಕೂರಿಸಿಕೊಟ್ಟಿದ್ದ ಆ ಮೀಟರು ಮಳೆ ಬಂದರೆ ಮಲಗುತ್ತಿತ್ತು, ತಂತಿ ಅಲುಗಿದರೆ ನಿಂತಲ್ಲೇ ಎಂಬತ್ತರ ವೇಗ ತೋರಿಸುತ್ತಿತ್ತು. ಅದರ ಲೆಕ್ಕವನ್ನು ಊರಿನಲ್ಲಿ ಯಾರೂ ಒಪ್ಪುತ್ತಿರಲಿಲ್ಲ. ಮನೆ ಮುಂದೆ ಬುಲೆಟ್ ನಿಲ್ಲಿಸಿಕೊಂಡವನು ಸೈಕಲ್ ತುಳಿಯುವುದೇ ಊರಿಗೆ ಅರಗಿರಲಿಲ್ಲ. ಒಂದು ದಿನ ದಣಿವಾಗಿ, ಇಳಿದು ತಳ್ಳಿಕೊಂಡು ಬಂದಿದ್ದಕ್ಕೆ ಬಸ್ ಸ್ಟ್ಯಾಂಡಿನಿಂದ ಮನೆ ಮುಟ್ಟುವಷ್ಟರಲ್ಲಿ ಹನ್ನೊಂದು ಜನ ಕೇಳಿದ್ದರು: "ಪಂಚರ್ ಏನ್ರಿ ಸಾವ್ಕಾರ್ರ?" ಅಂದಿನಿಂದ ಸೈಕಲ್ಲಿನಿಂದ ಇಳಿದು ತಳ್ಳುವುದೆಂದರೆ ಅವರಿಗೆ ಮೀಸೆ ಬೋಳಿಸಿಕೊಂಡಷ್ಟು ಅವಮಾನ!

ಅದಕ್ಕೇ ಬಂತು ಹೊಸದು. ಜಿಪಿಎಸ್ ಸೈಕಲ್ ಕಂಪ್ಯೂಟರ್! ಅಂಗೈಯಗಲದ ಕರಿಯ ಡಬ್ಬಿ. ಅದನ್ನು ಅವರು ಹಸುಗೂಸಿನ ಹಾಗೆ ಎರಡೂ ಕೈಯಲ್ಲಿ ಹಿಡಿದು ಅಡುಗೆಮನೆಗೆ ತಂದರು.

"ದಾರಿ ಹೇಳ್ತೈತಿ, ವೇಗ ಹೇಳ್ತೈತಿ, ಎಷ್ಟು ಎತ್ತರ ಏರಿದ್ನಿ ಅನ್ನೋದೂ ಹೇಳ್ತೈತಿ. ಉಪಗ್ರಹ ಗಂಗೂ, ಉಪಗ್ರಹ! ಮ್ಯಾಲಿಂದ ನನ್ನನ್ನ ನೋಡಿಕೋತ ಇರ್ತೈತಿ."

"ಪಾಪ, ಅದಕ್ಕ ಬ್ಯಾರೆ ಕೆಲಸ ಇಲ್ಲೇನು?" ಎಂದರು ಗಂಗಾಂಬಿಕಾ, ರೊಟ್ಟಿ ತಿರುವುತ್ತ.

ಇನ್ನು ಪೂಜೆ. ಪೂಜೆಯಾಗದೆ ಹೊಸ ವಸ್ತು ಬಳಸುವುದುಂಟೇ? ಅರುಣಕುಮಾರರ ಅಂಗಡಿಯಿಂದ ವಿಭೂತಿಯ ಮೂರು ಗೆರೆ ಎಳೆಸಿಕೊಳ್ಳದೆ ಒಂದು ಮೋಟರೂ ಹೊರಗೆ ಹೋದದ್ದಿಲ್ಲ. ಆದರೆ ಕಂಪ್ಯೂಟರಿನ ಮುಖಕ್ಕೆ ವಿಭೂತಿ ಬಳಿದರೆ ಅಂಕಿ ಕಾಣಿಸಬೇಕಲ್ಲ! ಒಂದು ಕ್ಷಣ ಯೋಚಿಸಿ, ತಮ್ಮ ಜಾಣತನಕ್ಕೆ ತಾವೇ ತಲೆದೂಗಿ, ಅದನ್ನು ಬೋರಲು ಹಾಕಿ ಬೆನ್ನಿಗೆ ಬಳಿದರು. ಭಕ್ತಿ ಜಾಸ್ತಿಯಾಗಿ ವಿಭೂತಿ ಸ್ವಲ್ಪ ಗಟ್ಟಿಯಾಗಿಯೇ ಬಿತ್ತು. ಮೇಲೆ ಕುಂಕುಮ, ಅದರ ಮೇಲೆ ಒಡೆದ ಕಾಯಿಯ ನೀರು. ಡಬ್ಬಿಯ ಜೊತೆ ಬಂದ ಪುಸ್ತಕವನ್ನು ಮಾತ್ರ ಬಿಚ್ಚಲಿಲ್ಲ. "ಸಾವಿರ ಮೋಟರ್ ಮಾರಿದೋನಿಗೆ ಪುಸ್ತಕ ಯಾತಕ್ಕ?" ಎಂದು ಅದನ್ನು ಕಪಾಟಿಗೆ ತುರುಕಿದರು.

ಮರುದಿನ ಬೆಳಗ್ಗೆ ಉಜ್ಜಿನಿಗೆ ಹೋಗಿ ಬಂದರು. ಬಂದವರು ಮನೆಯ ಕಟ್ಟೆಯ ಮೇಲೆ ಕುಳಿತು ಪರದೆ ನೋಡಿದರು. ಕನ್ನಡಕ ಒರೆಸಿ ಇನ್ನೊಮ್ಮೆ ನೋಡಿದರು. ಏರಿದ ಎತ್ತರ: ಮೂರು ಸಾವಿರದ ಎಂಟುನೂರ ನಲವತ್ತೆರಡು ಮೀಟರ್! ಎಂದರೆ ಮುಳ್ಳಯ್ಯನಗಿರಿಯನ್ನು ಸಮುದ್ರದಿಂದ ಎರಡು ಸಲ ಏರಿದ ಲೆಕ್ಕ, ಅದೂ ತಿಂಡಿಗೆ ಮುಂಚೆ.

"ಉಜ್ಜಿನಿ ದಾರ್ಯಾಗ ಗುಡ್ಡ ಎಲ್ಲೈತ್ರಿ? ಆ ರಸ್ತಿ ಒಳ್ಳೆ ರೊಟ್ಟಿ ಬಡಿದಂಗ ಐತಿ," ಎಂದರು ಗಂಗಾಂಬಿಕಾ.

"ಬಸ್ಸಿನಾಗ ಹೋಗೋರಿಗೆ ಹಂಗ ಕಾಣತೈತಿ. ತುಳಿಯೋ ಕಾಲಿಗೆ ಕೇಳು!"

ಕಾಲಂತೂ ಸತ್ಯವಾಗಿ ನೋಯುತ್ತಿತ್ತು. ಇದಕ್ಕಿಂತ ದೊಡ್ಡ ಪುರಾವೆ ಬೇಕೇ? ಪರದೆಯ ಫೋಟೋ ತೆಗೆದು, ಸುತ್ತಲಿನ ತಾಲ್ಲೂಕುಗಳ ಸೈಕಲ್ ಸವಾರರೆಲ್ಲ ಇದ್ದ ವಾಟ್ಸಾಪ್ ಗುಂಪಿಗೆ ಹಾಕಿದರು. ಕೆಳಗೆ ಬರೆದರು: "ಇವತ್ತು ಸ್ವಲ್ಪ ಆರಾಮಾಗಿ ಹೋಗಿ ಬಂದೆ."

ಚಪ್ಪಾಳೆಯ ಚಿತ್ರಗಳು ಸುರಿದವು. ಹಡಗಲಿಯವರೊಬ್ಬರು ಕೈ ಮುಗಿದರು. ಸಂಜೆ ಗುಂಪಿನ ಮುಖಂಡೆ, ಹರಪನಹಳ್ಳಿಯಲ್ಲಿ ಬ್ಯಾಂಕ್ ಅಧಿಕಾರಿಯಾಗಿದ್ದ ಸಿಮ್ರಾನ, ಫೋನ್ ಮಾಡಿದಳು.

"ಸರ್, ಈ ಭಾನುವಾರ ಹದಿನಾಲ್ಕು ಜನ ಗುಡೇಕೋಟೆ ಕಡೆ ಏರು ಹತ್ತೋಕೆ ಹೋಗ್ತಿದೀವಿ. ನೀವೂ ಬರ್ಬೇಕು. ಮುಂದೆ ನೀವೇ ಇರ್ಬೇಕು."

"ಅದೇನ್ ಮಹಾ ಬಿಡ್ರಿ ಮೇಡಂ. ನಮಗ ಅದು ಮನಿ ಕಟ್ಟಿ ಹತ್ತಿದಂಗ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಈ ಮಾತು ಹೋಗಿ ನೇರವಾಗಿ ಗುಡೇಕೋಟೆಯ ಗುಡ್ಡದ ಮೇಲೆ ಕುಳಿತಿತು.

ಶುಕ್ರವಾರ ಮಧ್ಯಾಹ್ನ ಅಂಗಡಿಯಲ್ಲಿ ಒಂದು ವಿಚಿತ್ರ ನಡೆಯಿತು. ಬಿಸಿಲಿಗೆ ಮೇಜಿನ ಮೇಲೆ ಬಿದ್ದಿದ್ದ ಕಂಪ್ಯೂಟರು, ಯಾರೂ ಮುಟ್ಟದೆ, ಕುಳಿತಲ್ಲೇ ನಾನೂರು ಮೀಟರ್ ಏರಿತ್ತು. ಅರುಣಕುಮಾರರು ಅದನ್ನು ಎತ್ತಿಕೊಂಡರು. ಅಂಗಡಿಗೆ ಬೀಗ ಹಾಕಿ ಮನೆಗೆ ಓಡಿದರು. ಗಂಗಾಂಬಿಕಾ ಕಪಾಟಿನಿಂದ ಪುಸ್ತಕ ತೆಗೆದು, ಕನ್ನಡಕ ಏರಿಸಿ, ಚಿತ್ರದ ಮೇಲೆ ಬೆರಳಿಟ್ಟು ಓದಿದರು.

"ಬೆನ್ನಿಗೆ ಒಂದು ಸಣ್ಣ ತೂತು ಐತಂತ. ಎತ್ತರ ಅಳೆಯೋದು ಅಲ್ಲಿ ಆಡೋ ಗಾಳಿ ನೋಡಿ. ಅದು ಮುಚ್ಚಿದ್ರ ಸುಳ್ಳು ಎತ್ತರ ತೋರಸ್ತೈತಿ, ಮುಚ್ಚಬಾರದು ಅಂತ ದಪ್ಪ ಅಕ್ಷರದಾಗ ಬರದಾರ ನೋಡ್ರಿ."

ಕಂಪ್ಯೂಟರನ್ನು ಬೋರಲು ಹಾಕಿದರು. ತೂತು ಎಲ್ಲಿದೆ? ಒಣಗಿದ ವಿಭೂತಿಯ ಗಟ್ಟಿ ಪಟ್ಟೆಯ ಕೆಳಗೆ! ಪುಸ್ತಕ ಹೇಳಿದಂತೆ ನಲ್ಲಿಯ ಕೆಳಗೆ ಹಿಡಿದು ತೊಳೆದಾಗ ಬಿಳಿಯ ನೀರು ಇಳಿಯಿತು, ಅದರ ಜೊತೆಗೆ ಅರುಣಕುಮಾರರ ಮುಖವೂ. ಶನಿವಾರ ಮತ್ತೆ ಉಜ್ಜಿನಿಗೆ ಹೋಗಿ ಬಂದಾಗ ಅದು ತೋರಿಸಿದ ಎತ್ತರ ಬರೀ ಅರವತ್ತೊಂದು ಮೀಟರ್.

"ಜ್ವರ ಬಂದೈತಿ ಅಂತ ಹೇಳಿಬಿಡ್ಲೇನು?" ಎಂದರು ಸಂಜೆ, ಸಣ್ಣ ದನಿಯಲ್ಲಿ.

"ಈಗ ತಾನ ಉಜ್ಜಿನಿಗೆ ಹೋಗಿಬಂದ ಫೋಟೋ ಗುಂಪಿಗೆ ಹಾಕ್ಯೀರಿ."

"ಅಳಿಸಿಬಿಟ್ಟೆ. ಹಂಗಾದ್ರ ನಮ್ಮ ದೊಡ್ಡಪ್ಪ ತೀರಿಕೊಂಡ್ರು ಅಂತೀನಿ."

"ನಿಮ್ಮ ದೊಡ್ಡಪ್ಪ ಹೋಗಿ ಆರು ವರ್ಷ ಆತು. ಹೋದ ವರ್ಷ ನಮ್ಮ ಅಣ್ಣನ ಮನಿ ಗೃಹಪ್ರವೇಶ ತಪ್ಪಿಸಾಕೂ ಅವರನ್ನ ಕಳಿಸಿದ್ರಿ. ಇನ್ನೆಷ್ಟು ಸಲ ಸಾಯ್ಬೇಕ್ರೀ ಅವರು?"

ಅರುಣಕುಮಾರರು ತಲೆ ತಗ್ಗಿಸಿ ಕುಳಿತರು. ಹದಿನಾಲ್ಕು ಜನರ ಎದುರು, ಮುಂದಾಳು ಅನ್ನಿಸಿಕೊಂಡು, ಅರ್ಧ ಏರಿನಲ್ಲಿ ಇಳಿದು ಸೈಕಲ್ ತಳ್ಳುವ ಚಿತ್ರ ಕಣ್ಣಿಗೆ ಕಟ್ಟುತ್ತಿತ್ತು. ಗಂಗಾಂಬಿಕಾ ಪಕ್ಕದಲ್ಲಿ ಬಂದು ಕುಳಿತರು.

"ಇಲ್ಲದ ಗುಡ್ಡ ಏರೀರಿ, ಇದ್ದದ್ದನ್ನ ಏರಾಕ ಏನ್ ಅಂಜಿಕಿ? ಮೊದ್ಲ ಅವರಿಗೆ ನಿಜ ಹೇಳ್ರಿ, ಆಮ್ಯಾಲ ತುಳೀರಿ. ನಾನೂ ಬರ್ತೀನಿ."

ಎರಡು ವರ್ಷದಲ್ಲಿ ಗಂಡ ಸೈಕಲ್ ತುಳಿಯುವುದನ್ನು ನೋಡಲು ಆಕೆ ಬಾಗಿಲ ತನಕವೂ ಬಂದವರಲ್ಲ. ಅರುಣಕುಮಾರರಿಗೆ ಹೆದರಿಕೆಯ ನಡುವೆಯೂ ಖುಷಿಯಾಯಿತು, ಅಷ್ಟೇ ಹೊಸ ಹೆದರಿಕೆಯೂ ಆಯಿತು. ಇನ್ನಂತೂ ಇಳಿಯುವ ಹಾಗಿಲ್ಲ.

ಭಾನುವಾರ ಬೆಳಗ್ಗೆ ಜಿಲಾನಿಯ ಲಗೇಜ್ ಆಟೋದಲ್ಲಿ ಸೈಕಲ್, ಗಂಗಾಂಬಿಕಾ, ಒಂದು ಡಬ್ಬಿ ಒಗ್ಗರಣೆ ಮಂಡಕ್ಕಿ ಎಲ್ಲ ಕೂಡಿ ಏರಿನ ಬುಡಕ್ಕೆ ಬಂದವು. ಬಣ್ಣಬಣ್ಣದ ಅಂಗಿಯ ಸವಾರರು ಸುತ್ತುವರಿದರು. ಒಬ್ಬರು ಸೆಲ್ಫಿ ಕೇಳಿದರು. ಗಂಗಾಂಬಿಕಾರನ್ನು ಕೂರಿಸಿಕೊಂಡು ಆಟೋ ಭರ್ರೆಂದು ಮೇಲಕ್ಕೆ ಹೋದ ಮೇಲೆ ಅರುಣಕುಮಾರರು ಗಂಟಲು ಸರಿಮಾಡಿಕೊಂಡರು.

"ಮೇಡಂ, ಒಂದು ಮಾತು. ಆ ಮೂರು ಸಾವಿರದ ಎಂಟುನೂರು ನಾನು ಏರಿದ್ದಲ್ಲ. ವಿಭೂತಿ ಏರಿದ್ದು."

ಎಲ್ಲವನ್ನೂ ಹೇಳಿದರು. ಬೋರಲು ಹಾಕಿದ್ದು, ಕಾಯಿ ನೀರು, ತೂತು, ಒಂದನ್ನೂ ಬಿಡಲಿಲ್ಲ. ಹದಿನಾಲ್ಕೂ ಜನ ಹ್ಯಾಂಡಲ್ ಮೇಲೆ ಬಿದ್ದು ನಕ್ಕರು. ಸಿಮ್ರಾನ ಕಣ್ಣು ಒರೆಸಿಕೊಂಡಳು.

"ವಿಭೂತಿ ಗೊತ್ತಿರ್ಲಿಲ್ಲ ಸರ್. ಗುಡ್ಡ ಇಲ್ಲ ಅನ್ನೋದು ಗೊತ್ತಿತ್ತು. ನಮ್ಮ ನಾನಿ ಊರೇ, ಅಮ್ಮನ ತವರೇ ಉಜ್ಜಿನಿ! ನಾನು ಸೈಕಲ್ ಕಲ್ತಿದ್ದೇ ಆ ರಸ್ತೇಲಿ."

"ಮತ್ಯಾಕ ಕರದ್ರಿ?"

"ಎರಡು ವರ್ಷದಿಂದ ದಿನಾ ಗುಂಪಲ್ಲಿ ಶುಭೋದಯ ಹಾಕ್ತೀರಿ. ಒಂದು ಸಲಾನಾದ್ರೂ ನಮ್ಮ ಜೊತೆ ಬಂದಿದೀರಾ? ನಿಮ್ಮನ್ನ ಮನೆಯಿಂದ ಹೊರಡಿಸೋಕೆ ಇಷ್ಟು ಒಳ್ಳೆ ನೆಪ ಮತ್ತೆ ಸಿಗುತ್ತಾ? ನಡೀರಿ ಸರ್!"

ಅರುಣಕುಮಾರರ ಎದೆಯ ಮೇಲಿನ ಚಪ್ಪಡಿ ಸರಿದಂತಾಯಿತು. ಹಗುರಾಗಿ ಹೊರಟೇಬಿಟ್ಟರು. ಆ ಹಗುರ ಮೊದಲ ತಿರುವಿನ ತನಕ ಬಂತು. ಎರಡನೆಯ ತಿರುವಿನಲ್ಲಿ ಉಸಿರು ಹಾರ್ಮೋನಿಯಂ ಬಾರಿಸತೊಡಗಿತು. ಮೂರನೆಯದರಲ್ಲಿ ಹದಿನಾಲ್ಕೂ ಜನ ಮುಂದೆ ಹೋಗಿ ಮರೆಯಾದರು. ಆಮೇಲೆ ಉಳಿದದ್ದು ಏರು, ಬಿಸಿಲು, ಕುರುಚಲು ಗಿಡ ಮತ್ತು ಅರುಣಕುಮಾರರು. ಅಲ್ಲಿ ನಡುವೆ ಏನೇನು ನಡೆಯಿತೋ, ಅದನ್ನು ಅವರೂ ಆ ಗಿಡಗಳೂ ಯಾರಿಗೂ ಹೇಳಬಾರದೆಂದು ಒಪ್ಪಂದ ಮಾಡಿಕೊಂಡಂತಿತ್ತು.

ಅಂತೂ ಕೊನೆಯ ತಿರುವಿನಲ್ಲಿ ಅವರು ಕಾಣಿಸಿಕೊಂಡಾಗ ಸೈಕಲ್ಲಿನ ಮೇಲೇ ಇದ್ದರು. ನಾಲಗೆ ಹೊರಗಿತ್ತು, ಕಾಲು ನಡುಗುತ್ತಿತ್ತು, ಆದರೂ ಪೆಡಲು ತಿರುಗುತ್ತಿತ್ತು. ಮೇಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಜಿಲಾನಿ ಸಿಳ್ಳೆ ಹೊಡೆದ. ಅರುಣಕುಮಾರರು ನೇರ ಹೆಂಡತಿಯ ಮುಂದೆ ಬಂದು ನಿಂತರು.

"ಗಂಗೂ! ಏರಿದ್ನಿ! ಒಂದು ಸಲಾನೂ ಇಳೀಲಿಲ್ಲ! ನೋಡು, ಇದರಾಗ ಎಲ್ಲಾ ಐತಿ!"

ಪರದೆಯಲ್ಲಿ ಇದ್ದದ್ದು ಸೊನ್ನೆ. ದೂರ ಸೊನ್ನೆ, ವೇಗ ಸೊನ್ನೆ, ಏರಿದ ಎತ್ತರವೂ ಸೊನ್ನೆ. ನಿಜ ಹೇಳಿದ ಖುಷಿಯಲ್ಲಿ ಶುರು ಮಾಡುವ ಗುಂಡಿಯನ್ನೇ ಒತ್ತಿರಲಿಲ್ಲ! ಅವರ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

"ಸುಳ್ಳು ಗುಡ್ಡಕ್ಕ ಅಷ್ಟು ದೊಡ್ಡ ಲೆಕ್ಕ ಕೊಡ್ತು, ಖರೇ ಗುಡ್ಡಕ್ಕ ಸೊನ್ನಿ ಇಟ್ಟೈತಲ್ಲ! ಇನ್ನ ಯಾರ್ ನಂಬ್ತಾರ ನನ್ನ?"

"ನಾ ನಂಬ್ತೀನ್ರೀ," ಎಂದರು ಗಂಗಾಂಬಿಕಾ. ನೀರಿನ ಬಾಟಲಿ ಕೊಟ್ಟು, ಸೆರಗಿನಿಂದ ಅವರ ಹಣೆಯ ಬೆವರು ಒರೆಸಿದರು. "ಇಲ್ಲೇ ಈ ಕಲ್ಲಿನ ಮ್ಯಾಲ ಕುಂತಿದ್ನಿ. ಬುಡದಿಂದ ಹಿಡಿದು ಪೂರಾ ದಾರಿ ಕಾಣತೈತಿ."

ಅರುಣಕುಮಾರರು ನೀರು ಕುಡಿಯುವುದನ್ನು ನಿಲ್ಲಿಸಿದರು.

"ಪೂರಾ?"

"ಪೂರಾ," ಎಂದು ಗಂಗಾಂಬಿಕಾ ಮಂಡಕ್ಕಿಯ ಡಬ್ಬಿ ತೆರೆದು ಅವರ ಕೈಗಿಟ್ಟರು. "ಮುಂದಿನ ಐತ್ವಾರ ಮತ್ತ ಬರೂಣು. ಇವತ್ತು ಎರಡು ಸಲ ಇಳಿದು ತಳ್ಳೀರಿ, ಅವತ್ತು ಒಂದ ಸಲ ತಳ್ರಿ, ಸಾಕು."