ಮಂಜುನಾಥ್ ಬಿ. ಎಂಬುವವರಿಗೆ ಮೂವತ್ತು ರೂಪಾಯಿ

ಬ್ಯಾಂಕಿನಿಂದ ಮೊಬೈಲಿಗೆ ಬರುವ ಸಂದೇಶಗಳನ್ನು ಜನ ಸಾಮಾನ್ಯವಾಗಿ ಎರಡು ರೀತಿ ಓದುತ್ತಾರೆ. ದುಡ್ಡು ಬಂದಿದ್ದರೆ ಒಂದು ಸಲ, ಹೋಗಿದ್ದರೆ ಎರಡು ಸಲ. ನಾನು ಮೂರನೆಯ ಜಾತಿಯವನು. ಹೋದ ದುಡ್ಡಿನ ಸಂದೇಶವನ್ನು ಕನ್ನಡಕ ಒರೆಸಿಕೊಂಡು, ಕುರ್ಚಿ ಎಳೆದುಕೊಂಡು, ನೆಂಟರ ಮನೆಯಿಂದ ಬಂದ ಕಾಗದ ಓದುವ ಹಾಗೆ ನಿಧಾನವಾಗಿ ಓದುತ್ತೇನೆ. ಇದು ಜಿಪುಣತನವಲ್ಲ. ನಮ್ಮ ಮನೆಗೆ ಬೇರೆ ಯಾರೂ ಕಾಗದ ಬರೆಯುವುದಿಲ್ಲ, ಅಷ್ಟೇ.

ನನ್ನ ಮಗಳು ಚೈತ್ರಾ ದಾವಣಗೆರೆಯ ನರ್ಸಿಂಗ್ ಕಾಲೇಜಿಗೆ ಸೇರಿದಾಗ, ಎಲ್ಲರೂ ಹಾಸ್ಟೆಲಿನಲ್ಲೇ ಇರಬೇಕೆಂಬ ನಿಯಮ ಬಂತು. ನಾನಿರುವುದು ಹರಿಹರದಲ್ಲಿ, ಒಂದು ಸಣ್ಣ ಕಾರ್ಖಾನೆಯ ಸ್ಟೋರ್ಸ್ ನೋಡಿಕೊಂಡು. ಹರಿಹರಕ್ಕೂ ದಾವಣಗೆರೆಗೂ ಎಷ್ಟು ದೂರ ಎಂದರೆ, ಬೆಳಿಗ್ಗೆ ಸೀರೆ ತರಲು ಹೋದವರು ಸೀರೆ ಹಿಡಿಸಲಿಲ್ಲವೆಂದು ಮಧ್ಯಾಹ್ನ ಮತ್ತೊಮ್ಮೆ ಹೋಗಿ ಬದಲಾಯಿಸಿಕೊಂಡು ಬರುವಷ್ಟು. ಮಕ್ಕಳನ್ನು ಸಮುದ್ರದಾಚೆ ಕಳಿಸಿದವರಿಗೆ ನಿಟ್ಟುಸಿರು ಬಿಡುವ ಹಕ್ಕಿದೆ. ಬಸ್ಸಿನಲ್ಲಿ ಒಂದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಸಿಗುವ ಊರಿಗೆ ಮಗಳನ್ನು ಕಳಿಸಿದವನು ಯಾರ ಮುಂದೆ ನಿಟ್ಟುಸಿರು ಬಿಡಬೇಕು? ಅವಳ ತಾಯಿ ಇದ್ದಿದ್ದರೆ ಅವಳ ಮುಂದಾದರೂ ಬಿಡಬಹುದಿತ್ತು. ಆಕೆ ತೀರಿಹೋಗಿ ಕೆಲವು ವರ್ಷಗಳಾದವು. ಹಾಗಾಗಿ ಸಂಜೆ ಮನೆಗೆ ಬಂದು ಬೀಗ ತೆಗೆದು, ಫ್ರಿಡ್ಜ್ ಗುರ್ ಎಂದರೆ ‘ಬಂದೆ ಬಂದೆ’ ಎನ್ನುವ ಅಭ್ಯಾಸ ಬಿದ್ದಿದೆ.

ಚೈತ್ರಾಳ ಖರ್ಚಿಗೆ ನನ್ನ ಖಾತೆಯಿಂದಲೇ ದುಡ್ಡು ಹೋಗುವ ಹಾಗೆ ಅವಳೇ ಅವಳ ಫೋನಿನಲ್ಲಿ ಏನೋ ಜೋಡಿಸಿಕೊಂಡಿದ್ದಳು. ಅವಳು ಅಲ್ಲಿ ಅಂಗಡಿಯಲ್ಲಿ ಫೋನು ತೋರಿಸಿದರೆ ಇಲ್ಲಿ ನನ್ನ ಜೇಬು ‘ಟಿಂಗ್’ ಎನ್ನುತ್ತಿತ್ತು. ಝೆರಾಕ್ಸ್ ಅಂಗಡಿಗೆ ಇಪ್ಪತ್ತು ಹೋದರೆ, ಓದುತ್ತಿದ್ದಾಳೆ. ಹಣ್ಣಿನವನಿಗೆ ಐವತ್ತು ಹೋದರೆ, ಆರೋಗ್ಯ ನೋಡಿಕೊಳ್ಳುತ್ತಿದ್ದಾಳೆ. ಇಡೀ ದಿನ ಟಿಂಗ್ ಬರದಿದ್ದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ಅವಳು ಫೋನ್ ಮಾಡಿದರೆ ‘ಆರಾಮ ಅದೀನಿ’ ಎಂಬ ಒಂದೇ ಮಾತು. ಬ್ಯಾಂಕು ಅವಳಿಗಿಂತ ವಿವರವಾಗಿ ಮಾತಾಡುತ್ತಿತ್ತು.

ಹೀಗಿರುವಾಗ ಒಂದು ಸಂಜೆ ಸಂದೇಶ ಬಂತು: ಮಂಜುನಾಥ್ ಬಿ. ಎಂಬುವವರಿಗೆ ಮೂವತ್ತು ರೂಪಾಯಿ. ಮರುದಿನ ಅದೇ ಹೊತ್ತಿಗೆ ಮತ್ತೆ ಮಂಜುನಾಥ್ ಬಿ. ಅದರ ಮರುದಿನವೂ. ಭಾನುವಾರ ಮಾತ್ರ ಅರವತ್ತು.

ಯಾರಿವನು? ನಮ್ಮ ಕಡೆ ಒಂದು ಬೀದಿಯಲ್ಲಿ ನಿಂತು ಮಂಜುನಾಥ ಎಂದು ಕೂಗಿದರೆ ನಾಲ್ಕು ಮನೆಯ ಬಾಗಿಲು ತೆರೆಯುತ್ತವೆ, ಅದು ಬೇರೆ ಮಾತು. ಆದರೆ ಈ ‘ಬಿ.’ ನನ್ನನ್ನು ಕಾಡಿತು. ಓದುವ ಹುಡುಗನೇ? ದಿನಾ ಮೂವತ್ತು ರೂಪಾಯಿ ಇಸಿದುಕೊಳ್ಳುವ ಹುಡುಗ ಎಂಥವನಿರಬೇಕು? ಭಾನುವಾರ ದುಪ್ಪಟ್ಟು ಯಾಕೆ? ಸ್ಟೋರ್ಸಿನಲ್ಲಿ ಬೋಲ್ಟ್ ಕೇಳಿದವರಿಗೆ ನಟ್ ಕೊಟ್ಟು ಬೈಸಿಕೊಂಡೆ. ಕೊನೆಗೆ ಒಂದು ದಿನ ಅರ್ಧ ರಜೆ ಬರೆದು ದಾವಣಗೆರೆ ಬಸ್ಸು ಹತ್ತಿದೆ.

ಎಂ.ಸಿ.ಸಿ. ಬಿ ಬ್ಲಾಕ್ ಬಡಾವಣೆಯ ಹಾಸ್ಟೆಲಿನ ಗೇಟಿನಲ್ಲಿ ನನ್ನನ್ನು ಕಂಡ ಚೈತ್ರಾಳ ಮುಖದ ಬಣ್ಣ ಹೋಯಿತು. ಯಾರಿಗೆ ಏನಾಯಿತೋ ಎಂದುಕೊಂಡಳಂತೆ. ಏನೂ ಆಗಿಲ್ಲ, ಈ ಕಡೆ ಕೆಲಸವಿತ್ತು ಎಂದೆ. ಸುಳ್ಳು ಹೇಳಿ ಅಭ್ಯಾಸವಿಲ್ಲದವರು ಅದರ ಬೆನ್ನಿಗೇ ನಿಜವನ್ನೂ ಹೇಳಿಬಿಡುತ್ತಾರೆ.

“ಅಲ್ಲವ್ವಾ, ಈ ಮಂಜುನಾಥ ಅಂದ್ರೆ ಯಾರು?”

ಅವಳು ನನ್ನ ಕೈ ಹಿಡಿದು ಮೂಲೆ ತಿರುಗಿಸಿ ಕರೆದುಕೊಂಡು ಹೋದಳು. ಅಲ್ಲಿ ಒಂದು ಮಂಡಕ್ಕಿ-ಮೆಣಸಿನಕಾಯಿ ಗಾಡಿ. ಅದರ ಹಿಂದೆ ನನಗಿಂತ ಹಿರಿಯರೊಬ್ಬರು ಬಾಣಲೆಗೆ ಮೆಣಸಿನಕಾಯಿ ಬಿಡುತ್ತಿದ್ದರು.

“ಇವರೇ ನೋಡ್ರಿ, ಮಂಜುನಾಥ್ ಬಿ.,” ಎಂದಳು.

“ಬರ್ರಿ ಯಜಮಾನ್ರೇ, ಕೂಡ್ರಿ,” ಎಂದರು ಅವರು. “ಖಾರ ಹಾಕ್ಲೋ, ಬ್ಯಾಡೋ?”

ಬೇಡವೆಂದೆ. ಆಗಲೇ ಸಾಕಷ್ಟಾಗಿತ್ತು. ಭಾನುವಾರದ ಅರವತ್ತು ಏನೆಂದು ನಾನು ಕೇಳಲಿಲ್ಲ, ಅವಳೇ ಹೇಳಿದಳು. ಭಾನುವಾರ ಹಾಸ್ಟೆಲಿನಲ್ಲಿ ಸಂಜೆ ಊಟವಿರುವುದಿಲ್ಲ.

ಮಂಡಕ್ಕಿ ತಿಂದು ಮುಗಿಸುವಷ್ಟರಲ್ಲಿ ಅವಳ ತೀರ್ಮಾನವಾಗಿತ್ತು. ಹೇಗೂ ವಿದ್ಯಾರ್ಥಿವೇತನಕ್ಕೆ ಅವಳ ಹೆಸರಿನ ಖಾತೆ ಬೇಕಂತೆ. ಅವಳಿಗೆ ಹದಿನೆಂಟೂ ತುಂಬಿದೆ. ಇನ್ನು ಮೇಲೆ ಅವಳ ಬ್ಯಾಂಕು, ಅವಳ ಫೋನು, ಅವಳ ಟಿಂಗ್.

ಬ್ಯಾಂಕು ಆರಿಸುವಾಗಲಾದರೂ ನನ್ನ ಅನುಭವ ಬೇಕಾಗಬಹುದು ಎಂದುಕೊಂಡು ಇನ್ನೊಂದು ದಿನ ರಜೆ ಹಾಕಿ ಅವಳ ಜೊತೆ ಹೋದೆ. ನಮ್ಮದು ಮೂಲತಃ ಹರಿಹರದ ಹತ್ತಿರದ ಸಾರಥಿ ಎಂಬ ಹಳ್ಳಿ. ನಮ್ಮಪ್ಪ ಹರಿಹರದಲ್ಲಿ ಬ್ಯಾಂಕು ಆರಿಸಿದ್ದು ಅದರ ಮುಂದೆ ಬೇವಿನ ಮರವಿತ್ತು, ಎತ್ತು ಕಟ್ಟಬಹುದಿತ್ತು ಎಂಬ ಕಾರಣಕ್ಕೆ. ನಾನೂ ಅದೇ ಬ್ಯಾಂಕಿನಲ್ಲಿದ್ದೇನೆ, ಎತ್ತಿಲ್ಲದಿದ್ದರೂ. ಚೈತ್ರಾ ಕೇಳಿದ ಪ್ರಶ್ನೆಗಳೇ ಬೇರೆ. ಖಾತೆ ಖಾಲಿಯಾದರೆ ದಂಡ ಹಾಕುತ್ತೀರಾ, ಕಾರ್ಡಿಗೆ ವರ್ಷಕ್ಕೆಷ್ಟು, ಹಾಸ್ಟೆಲಿನ ಹತ್ತಿರ ಎಟಿಎಂ ಇದೆಯಾ, ಓದು ಮುಗಿದ ಮೇಲೆ ಇದೇ ಖಾತೆಯ ನಿಯಮ ಏನಾಗುತ್ತದೆ. ಎರಡು ಬ್ಯಾಂಕಿನಿಂದ ಎದ್ದು ಬಂದು ಮೂರನೆಯದರಲ್ಲಿ ಕೂತಳು. ನಾನು ಮೂರೂ ಕಡೆ ಕುಡಿಯುವ ನೀರಿನ ವ್ಯವಸ್ಥೆ ಪರೀಕ್ಷಿಸಿದೆ.

ಅಲ್ಲಿನ ಅಧಿಕಾರಿಣಿ ಅವಳ ಮಾತಿಗೆ ಒಲಿದು, ಬೇಕಿದ್ದರೆ ಒಂದಿಷ್ಟು ದುಡ್ಡು ಠೇವಣಿಯಿಟ್ಟು ಅದರ ಮೇಲೆ ಸಣ್ಣ ಕ್ರೆಡಿಟ್ ಕಾರ್ಡ್ ತಗೋಬಹುದು ಎಂದರು. ಸ್ವಲ್ಪ ಸ್ವಲ್ಪ ಬಳಸುತ್ತ, ಬಿಲ್ಲನ್ನು ಹೊತ್ತಿಗೆ ಸರಿಯಾಗಿ ಪೂರ್ತಿ ಕಟ್ಟುತ್ತ ಹೋದರೆ ಈಗಿನಿಂದಲೇ ಸಾಲ ಸರಿಯಾಗಿ ತೀರಿಸಿದ ಒಳ್ಳೆಯ ಹಿಸ್ಟರಿ ಬೆಳೆಯುತ್ತದೆ, ಸ್ಕೋರು ಏರುತ್ತದೆ, ಮುಂದೆ ಓದಿಗೆ ಸಾಲ ಬೇಕಾದರೆ ಅನುಕೂಲ. ನಾನು ಮಧ್ಯೆ ಬಾಯಿ ಹಾಕಿ, ನಮ್ಮ ಮನೆತನದಲ್ಲಿ ಸಾಲವೆಂಬುದೇ ಇಲ್ಲ, ನನ್ನನ್ನೇ ನೋಡ್ರಿ ಎಂದೆ. ಆಕೆ ನಿಜವಾಗಿಯೂ ನೋಡಿದರು. ನನ್ನ ಪ್ಯಾನ್ ನಂಬರು, ಫೋನಿಗೆ ಬಂದ ಓಟಿಪಿ ಎಲ್ಲ ಕೇಳಿ ಪಡೆದು ಕಂಪ್ಯೂಟರಿನಲ್ಲಿ ಹುಡುಕಿದರು.

“ನಿಮಗೆ ಸ್ಕೋರೇ ಇಲ್ಲ ಸರ್,” ಎಂದರು. “ಹಿಸ್ಟರಿನೇ ಇಲ್ಲ.”

ಸ್ಟೋರ್ಸಿನಲ್ಲಿ ಯಾರೂ ಕೇಳದೆ ವರ್ಷಗಟ್ಟಲೆ ಕೂತ ಸಾಮಾನಿಗೆ ನಾವೂ ಒಂದು ಚೀಟಿ ಅಂಟಿಸುತ್ತೇವೆ, ‘ಚಲನೆ ಇಲ್ಲದ್ದು’ ಎಂದು. ಕೆಟ್ಟಿರುವುದಿಲ್ಲ. ತುಕ್ಕೂ ಹಿಡಿದಿರುವುದಿಲ್ಲ. ಯಾರಿಗೂ ಬೇಕಾಗಿರುವುದಿಲ್ಲ, ಅಷ್ಟೇ. ಎಷ್ಟೋ ಸಾಮಾನಿಗೆ ನನ್ನ ಕೈಯಾರೆ ಅಂಟಿಸಿದ ಆ ಚೀಟಿ ಬೆನ್ನಿಗೆ ಅಂಟಿದಂತಾಗಿ ಕುರ್ಚಿಯಲ್ಲಿ ನೆಟ್ಟಗೆ ಕೂತೆ.

ಆಮೇಲಿನ ದಿನಗಳಲ್ಲಿ ಫೋನು ಮೌನವಾಯಿತು. ಬರುವ ಟಿಂಗೆಲ್ಲ ರೀಚಾರ್ಜು ಮುಗಿಯಿತೆಂಬುದು, ಲಾಟರಿ ಬಂತೆಂಬುದು. ಒಮ್ಮೆ ಬ್ಯಾಂಕಿನ ಹುಡುಗಿಯೊಬ್ಬಳು ಕರೆ ಮಾಡಿ ಕಾರು ಸಾಲ ಬೇಕಾ ಎಂದಳು. ಬೇಡವ್ವಾ, ಊಟ ಆಯ್ತಾ ಎಂದು ಕೇಳಿದೆ. ಇಟ್ಟುಬಿಟ್ಟಳು. ನನ್ನ ಊಟದ ಕಥೆಯೂ ಅಷ್ಟರಲ್ಲೇ ಇತ್ತು. ಒಬ್ಬನಿಗೋಸ್ಕರ ಒಲೆ ಹಚ್ಚುವುದೇಕೆಂದು ಸಂಜೆ ಎರಡು ಬಾಳೆಹಣ್ಣು ತಿಂದು ಮಲಗುತ್ತಿದ್ದೆ. ಚೈತ್ರಾ ಫೋನಿನಲ್ಲಿ ಕೇಳಿದರೆ ‘ಆರಾಮ ಅದೀನಿ’ ಎನ್ನುತ್ತಿದ್ದೆ. ಆ ಮಾತನ್ನು ಅವಳು ಯಾರಿಂದ ಕಲಿತಳೆಂದು ಆಗ ಹೊಳೆಯಿತು.

ಒಂದು ಭಾನುವಾರ ಬಂದವಳು ಅಡುಗೆಮನೆಗೆ ಹೋದಳು. ಹೋದ ಸಲ ಬಂದಾಗ ಅವಳು ಕತ್ತರಿಸಿಟ್ಟು ಹೋದ ಎಣ್ಣೆ ಪ್ಯಾಕೆಟು ಹಾಗೆಯೇ ತುಂಬಿತ್ತು. ಹೊರಗೆ ಬಂದು ಚೀಲದಿಂದ ಒಂದು ಕಾರ್ಡು ತೆಗೆದು ನನ್ನ ಮುಂದಿಟ್ಟಳು. ಅದರ ಮೇಲೆ ನನ್ನ ಹೆಸರಿತ್ತು. ಆವತ್ತು ಯಾವುದೋ ಅರ್ಜಿಗೆ ನನ್ನ ಸಹಿ ಪಡೆದು ಹೋದದ್ದು ಇದಕ್ಕಂತೆ.

“ಇದಕ್ಕ ಆ್ಯಡ್-ಆನ್ ಅಂತಾರೆ ಅಪ್ಪಾಜಿ. ಬ್ಯಾಂಕಿನಾಗ ಹೇಳಿದ್ರಲ್ಲ, ಆ ಠೇವಣಿ ಕಾರ್ಡು ತಗೊಂಡೀನಿ, ಅದಕ್ಕ ಇದು ಜೋಡಿ ಕಾರ್ಡು. ಬಿಲ್ ನನಗ ಬರ್ತೈತೆ, ನೀವು ತಿಂಗಳಾ ದುಡ್ಡು ಹಾಕಿದ್ರೆ ಸಾಕು, ನಾನು ಕಟ್ತೀನಿ. ಹಾಸ್ಟೆಲ್‌ನಾಗ ನಾನೊಬ್ಬಳೇ ಎಷ್ಟು ಖರ್ಚು ಮಾಡ್ಲಿ? ಹಿಸ್ಟರಿ ಹೆಂಗ ಬೆಳೀಬೇಕು? ದಿನಾ ಸಂಜೆ ಇದನ್ನ ತಗೊಂಡು ಹೋಗಿ ಏನಾದ್ರೂ ಬಿಸಿದು ತಿನ್ರಿ. ತಿಂದ್ರೋ ಇಲ್ಲೋ ನನಗ ಮೆಸೇಜ್ ಬರ್ತೈತೆ.”

ಅವಳು ಹುಟ್ಟಿದಾಗಿನಿಂದ ನಾನು ಪೋಷಕನೆಂದು ಸಹಿ ಮಾಡಿಕೊಂಡು ಬಂದವನು. ಈಗ ಅವಳ ಕಾರ್ಡಿಗೆ ಜೋಡಿಸಿದ ಬಾಲ. ಅಂತೂ ನಿಷ್ಠೆಯಿಂದ ದಿನಾ ಸಂಜೆ ನಮ್ಮ ಬೀದಿಯ ಕೊನೆಯ ರೊಟ್ಟಿ ಅಂಗಡಿಗೆ ಹೋಗುತ್ತೇನೆ. ಅಂಗಡಿಯಾಕೆ ಗಿರಿಜಮ್ಮ, ಬಾಯಲ್ಲಿ ಹಲ್ಲಿಲ್ಲದ ಅಜ್ಜಿ, ಮೊಮ್ಮಗ ತಂದಿಟ್ಟ ಯಂತ್ರಕ್ಕೆ ನನ್ನ ಕಾರ್ಡನ್ನು ತಾನೇ ಉಜ್ಜಿಕೊಡುತ್ತಾಳೆ. ಒಬ್ಬನಿಗೆ ಎರಡು ರೊಟ್ಟಿ, ಒಂದು ಪಲ್ಯ.

ನಿನ್ನೆ ಸಂಜೆ ರೊಟ್ಟಿ ಬಿಚ್ಚಿಕೊಂಡು ಕೂತಿದ್ದೆ. ಫೋನು ಬಂತು. ಮಗಳ ದನಿ ಯಾಕೋ ಬಿಗಿಯಾಗಿತ್ತು.

“ಅಪ್ಪಾಜಿ, ಈ ಗಿರಿಜಾ ಕೆ. ಅಂದ್ರೆ ಯಾರು? ದಿನಾ ಸಂಜೆ ಅದೇ ಹೆಸರು ಬರ್ತೈತಲ್ಲ?”

ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದಿತ್ತು. ನಾನು ಗಂಟಲು ಸರಿಮಾಡಿಕೊಂಡು, ಅದನ್ನೆಲ್ಲ ಫೋನಿನಲ್ಲಿ ಹೆಂಗೆ ಹೇಳ್ಲವ್ವಾ ಎಂದೆ.

ನಾಳೆ ಕ್ಲಾಸು ಮುಗಿದ ಕೂಡಲೇ ಬಸ್ಸು ಹತ್ತುತ್ತೇನೆ ಎಂದಳು.

ಇವತ್ತು ಮನೆ ಗುಡಿಸಿದ್ದೇನೆ. ಸಂಜೆಗೆ ಮುಂಚೆಯೇ ಗಿರಿಜಮ್ಮನ ಅಂಗಡಿಗೆ ಹೋಗಿ ಇಬ್ಬರಿಗಾಗುವಷ್ಟು ರೊಟ್ಟಿ ಕಟ್ಟಿಸಿಕೊಂಡು ಕಾರ್ಡು ಕೊಟ್ಟೆ. ಗಿರಿಜಾ ಕೆ.ಗೆ ಇವತ್ತು ದುಪ್ಪಟ್ಟು ಹೋಗಿದೆ. ಆ ಮೆಸೇಜು ನೋಡಿ ಹುಡುಗಿ ಕೊನೆಯ ಕ್ಲಾಸು ತಪ್ಪಿಸಿಕೊಂಡು ಬಂದರೆ ಏನು ಮಾಡುವುದು ಎಂದು ಈಗ ಒಂದೇ ಚಿಂತೆ. ಬಾಗಿಲನ್ನಂತೂ ತೆರೆದೇ ಇಟ್ಟಿದ್ದೇನೆ.